ಚಾವಿ ತೆಗೆದರೂ ನಿಲ್ಲದ ಗಾಡಿ

ಮಂಗಳವಾರ ಮತ್ತು ಶುಕ್ರವಾರ ಸುಮಂಗಲಾ ಬೇರೆ ಯಾರ ಬಾಡಿಗೆಯನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಚಿಂಚೋಳಿಯ ಮದುವೆ ಇರಲಿ, ವಾಡಿ ಜಂಕ್ಷನ್ನಿನಲ್ಲಿ ಯಾರನ್ನೋ ರೈಲಿಗೆ ಹತ್ತಿಸುವ ಅವಸರವಿರಲಿ, "ಆ ಎರಡ್ ದಿನ ಬಿಟ್ಟು ಕೇಳ್ರಿ" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಆ ಎರಡು ದಿನ ಬೆಳಿಗ್ಗೆ ಅವಳ ಡೀಸೆಲ್ ಕಾರು ಸೇಡಂನಿಂದ ಖಾಲಿಯಾಗಿ ಆಡಕಿಗೆ ಹೋಗಿ, ಅಲ್ಲಿಂದ ಮೂವರನ್ನು ಕೂಡಿಸಿಕೊಂಡು ಸೇಡಂನ ಆಸ್ಪತ್ರೆಗೆ ಬಂದು, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಊರಿಗೆ ಬಿಡುತ್ತಿತ್ತು. ಮೂವರದೂ ಕಿಡ್ನಿ ಸೋತ ದೇಹ. ವಾರಕ್ಕೆರಡು ಸಲ ಡಯಾಲಿಸಿಸ್ ಆಗದಿದ್ದರೆ ದಿನ ಕಳೆಯುವುದು ಕಷ್ಟ.

ಮೂವರಲ್ಲಿ ಹಿರಿಯರು ಗುರುಲಿಂಗಯ್ಯ. ಆಡಕಿಯಲ್ಲಿ ಬಟ್ಟೆ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟವರು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೊಂದು ಸಣ್ಣ ಚೀಲ. ಗಾಡಿ ಸ್ವಲ್ಪ ತಡವಾದರೂ ಮಾತು ಬಿಟ್ಟು ಕೂರುವ ಸ್ವಭಾವ. ನಜಮುನ್ನೀಸಾ ಊರಿನ ಹೆಂಗಸರಿಗೆ ಬಟ್ಟೆ ಹೊಲಿದುಕೊಡುವವಳು. ಡಯಾಲಿಸಿಸ್ ನಡೆಯುವಾಗಲೂ ಮಲಗಿದ್ದಲ್ಲಿಂದಲೇ ಫೋನಿನಲ್ಲಿ ಗಿರಾಕಿಗಳಿಗೆ ತೋಳಿನ ಉದ್ದ ಕೇಳುತ್ತಿದ್ದಳು. ಲಾಲಮ್ಮ ಹೊಲದ ಕೂಲಿಗೆ ಹೋಗುತ್ತಿದ್ದವಳು. ಈಗ ಅದೂ ಇಲ್ಲ. ಒಂದು ಸರದಿ ಮುಂದಕ್ಕೆ ಹೋದರೆ ಅವಳ ಕಾಲು ಬಾತು, ಮಲಗಲು ಆಗದಷ್ಟು ಉಸಿರು ಕಟ್ಟುತ್ತಿತ್ತು.

ಸುಮಂಗಲಾ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಜಗದೇವಪ್ಪ ಹಳಿ ಕಾಯುವ ಕೆಲಸದಲ್ಲಿದ್ದ. ಮದುವೆಯಾಗಿ ಸೇಡಂಗೆ ಬಂದ ಮೇಲೆ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗೆ ನಿಂತಳು. ಗಂಡ ದೇವಾನಂದ ಊರಾಚೆ ಕಲ್ಲಿನ ಪಾಲಿಶ್ ಮಷಿನ್ನಿನ ಮೇಲೆ ದುಡಿಯುವವನು. ಕಲಬುರಗಿಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಾರೆಂದು ಯಾರೋ ಹೇಳಿದಾಗ, ಅಡುಗೆಯ ಹೊಗೆಯಿಂದ ಕಣ್ಣು ಉರಿದು ಬೇಸತ್ತಿದ್ದ ಅವಳು ಒಂದು ಬಸ್ ಪಾಸ್ ಮಾಡಿಸಿಕೊಂಡು ಹೋಗಿ ಕಲಿತು ಬಂದಳು. ಸಿಮೆಂಟ್ ಕಾರ್ಖಾನೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಕಾರನ್ನು ಗಂಡ ಹೆಂಡತಿ ಸೇರಿ ಕೊಂಡರು, ಹಳದಿ ಬೋರ್ಡ್ ಹಾಕಿಸಿದರು. ಮೊದಲ ಕೆಲವು ತಿಂಗಳು ಹೆಣ್ಣುಮಗಳು ಓಡಿಸುವ ಗಾಡಿ ಎಂದು ಗಂಡಸರು ಯಾರೂ ಹತ್ತಲಿಲ್ಲ. ಹೆರಿಗೆಗೆ, ಆಸ್ಪತ್ರೆಗೆ, ತವರಿಗೆ ಹೋಗುವ ಹೆಂಗಸರೇ ಕರೆದರು. ಆಡಕಿಯ ಮೂವರು ಸಿಕ್ಕಿದ್ದೂ ಹಾಗೆಯೇ, ನಜಮುನ್ನೀಸಾಳ ಮೂಲಕ.

ಹಿಂದಿನ ವರ್ಷ ಆ ಕಾರು ಒಮ್ಮೆ ಅವಳ ಜೀವ ಹಿಂಡಿತ್ತು. ಚಿಂಚೋಳಿಯ ದಾರಿಯಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿವೆ ಎಂದರು. ದಾರಿಯ ಬದಿಯ ಗ್ಯಾರೇಜಿನವನೊಬ್ಬ ಅವನ್ನು ಬಿಚ್ಚಿ ಬೇರೆ ಹಾಕಿಕೊಟ್ಟ. ಆ ಖರ್ಚಿನ ಏಟಿನಿಂದ ಮೇಲೇಳಲು ಮನೆಯವರಿಗೆ ಬಹಳ ಕಾಲ ಹಿಡಿಯಿತು. ಅಂದಿನಿಂದ ಅವಳು ಗಾಡಿಯನ್ನು ಸೇಡಂನ ಖಂಡೆಪ್ಪನ ಹೊರತು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಖಂಡೆಪ್ಪನದು ತಗಡಿನ ಶೆಡ್ಡು. ಮಾತು ಕಡಿಮೆ, ಕೆಲಸ ನಂಬಿಕೆಯದು.

ತೊಗರಿ ಹೂಬಿಟ್ಟಿದ್ದ ಒಂದು ಶುಕ್ರವಾರ. ಮೂವರನ್ನೂ ಕೂಡಿಸಿಕೊಂಡು ಆಡಕಿ ಬಿಟ್ಟು ಅರ್ಧ ದಾರಿ ಬಂದಿದ್ದಳು. ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ದಾಟಲು ಎಕ್ಸಿಲರೇಟರ್ ಒತ್ತಿದಳು, ದಾಟಿದಳು, ಕಾಲು ತೆಗೆದಳು. ಎಂಜಿನ್ನಿನ ದನಿ ಇಳಿಯಲಿಲ್ಲ.

ಪೆಡಲ್ ಸಿಕ್ಕಿಕೊಂಡಿರಬೇಕೆಂದು ಕಾಲಿನ ತುದಿಯಿಂದ ಎತ್ತಿ ನೋಡಿದಳು. ಪೆಡಲ್ ಸಡಿಲವಾಗಿ ತನ್ನ ಜಾಗದಲ್ಲೇ ಇತ್ತು. ಗಾಡಿ ಮಾತ್ರ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಗಾಬರಿಯಲ್ಲಿ ಕ್ಲಚ್ ಒತ್ತಿದಳು. ಗಾಡಿಯ ಭಾರ ಬಿಟ್ಟುಹೋದ ಎಂಜಿನ್ ಕಿರುಚಲು ಶುರುಮಾಡಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಲಿಲ್ಲ. ಬಿಳಿ ಹೊಗೆ, ಅದರ ಹಿಂದೆ ಎಲ್ಲೋ ಟ್ರ್ಯಾಕ್ಟರಿನ ಹಾರ್ನು.

"ಏನಾತವ್ವ?" ಗುರುಲಿಂಗಯ್ಯ ಹಿಂದಿನಿಂದ ಕೇಳಿದರು.

ಅವಳು ಕಾಲು ಬ್ರೇಕಿನ ಮೇಲಿಟ್ಟು ಗಾಡಿಯನ್ನು ರಸ್ತೆಯ ಬದಿಯ ಕರಿ ಮಣ್ಣಿಗೆ ಇಳಿಸಿದಳು. ಗೇರ್ ತೆಗೆದಳು, ಚಾವಿ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿದವು. ಚಾವಿ ಹೊರಗೆ ತೆಗೆದು ಕೈಯಲ್ಲಿ ಹಿಡಿದಳು. ಎಂಜಿನ್ ನಿಲ್ಲಲಿಲ್ಲ.

ಅಂಥದ್ದನ್ನು ಅವಳು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಚಾವಿ ಕೈಯಲ್ಲಿರುವಾಗ ಓಡುವ ಎಂಜಿನ್ನನ್ನು ಯಾವುದರಿಂದ ನಿಲ್ಲಿಸುವುದು?

"ಇಳೀರಿ. ಎಲ್ಲಾರೂ ಇಳೀರಿ, ದೂರ ಹೋಗ್ರಿ."

ಮುಂದೆ ಕುಳಿತಿದ್ದ ನಜಮುನ್ನೀಸಾ ಇಳಿದಳು, ಸುತ್ತು ಹಾಕಿ ಬಂದು ಹಿಂದಿನ ಬಾಗಿಲು ತೆರೆದು ಲಾಲಮ್ಮನ ತೋಳಿಗೆ ಕೈಹಾಕಿ ಎಳೆದಳು. ಲಾಲಮ್ಮನ ಬಾತ ಕಾಲು ನೆಲಕ್ಕೆ ಊರುವಷ್ಟರಲ್ಲಿ ಹೊಗೆ ಇಬ್ಬರನ್ನೂ ಮುಚ್ಚಿತು. ಇನ್ನೊಂದು ಬದಿಯಲ್ಲಿ ಗುರುಲಿಂಗಯ್ಯ ಹಿಡಿಕೆಯನ್ನು ಮತ್ತೆ ಮತ್ತೆ ಜಗ್ಗುತ್ತಿದ್ದರು. ಆ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಯಾವಾಗಲೂ ಸುಮಂಗಲಾಳೇ ಇಳಿದು ಹೊರಗಿನಿಂದ ತೆರೆಯುತ್ತಿದ್ದಳು. ಅವಳು ಓಡಿ ಸುತ್ತಿ ಬಂದು ಬಾಗಿಲು ತೆರೆದಾಗ ಮುದುಕರ ಮುಖದಲ್ಲಿ ಬಣ್ಣವಿರಲಿಲ್ಲ. ಚೀಲ ಒಳಗೇ ಬಿಟ್ಟು, ಅವಳ ಭುಜ ಹಿಡಿದುಕೊಂಡು, ಅವರು ತೊಗರಿ ಹೊಲದ ಅಂಚಿನತನಕ ಬಂದರು.

ಟ್ರ್ಯಾಕ್ಟರಿನವನು ದೂರದಲ್ಲೇ ನಿಲ್ಲಿಸಿ ಇಳಿದ. "ಯಕ್ಕಾ, ಹತ್ರ ಹೋಗಬ್ಯಾಡ. ಬೆಂಕಿ ಹತ್ತತದ ಅದು."

ಸುಮಂಗಲಾ ಖಂಡೆಪ್ಪನಿಗೆ ಫೋನ್ ಮಾಡಿದಳು. ಎಂಜಿನ್ನಿನ ಕಿರುಚಾಟದಲ್ಲಿ ಅವನ ಮಾತು ಕೇಳದೆ, ಇನ್ನೊಂದು ಕಿವಿ ಮುಚ್ಚಿಕೊಂಡು ಹೊಲದೊಳಗೆ ನಾಲ್ಕು ಸಾಲು ದಾಟಿ ನಿಂತಳು.

"ಖಂಡೆಪ್ಪಣ್ಣ, ಚಾವಿ ತಗದೀನಿ. ಚಾವಿ ನನ್ನ ಕೈಯಾಗ ಅದ. ಎಂಜಿನ್ ಬಂದ್ ಆಗವಲ್ದು."

"ಜೋರ್ ಹೇಳ್ರಿ ಅಕ್ಕೋರೆ."

"ಚಾವಿ ತಗದ್ರೂ ನಿಲ್ಲವಲ್ದು. ಹೊಗಿ ಭಾಳ ಬರಲಿಕತ್ತದ."

"ಮಂದಿ ಇಳದಾರೇನು?"

"ಇಳದಾರ."

"ಟರ್ಬೊ ಹೋಗ್ಯಾದ. ಗಾಡಿ ಡೀಸೆಲ್ ಬಿಟ್ಟು ಆಯಿಲ್ ಕುಡದು ಓಡಲಿಕತ್ತದ. ಬಾನೆಟ್ ಮುಟ್ಟಬ್ಯಾಡ್ರಿ. ನೋಡ್ರಿ, ಒಳಗ ಕುಂತು ಐದನೇ ಗೇರಿಗಿ ಹಾಕ್ರಿ. ಬ್ರೇಕ್ ಮ್ಯಾಲ ಪೂರಾ ಕಾಲಿಡ್ರಿ, ಹ್ಯಾಂಡ್‌ಬ್ರೇಕ್ ಜಗ್ಗಿರಿ. ಆಮ್ಯಾಲ ಒಮ್ಮೆಲೇ ಕ್ಲಚ್ ಬಿಡ್ರಿ. ಸಾವಕಾಶ ಬಿಟ್ರ ಕ್ಲಚ್ ಸುಡ್ತದ, ಎಂಜಿನ್ ನಿಲ್ಲಲ್ಲ."

"ಮತ್ತ ಒಳಗ ಹೋಗಬೇಕೇನು?"

"ಹೋಗಲಿಲ್ಲಂದ್ರ ಆಯಿಲ್ ಮುಗಿಯೋತನ ಓಡಿ ಎಂಜಿನ್ ಒಡೀತದ. ನಿಮಗ ಅಂಜಿಕಿ ಇದ್ರ ಬ್ಯಾಡ್ರಿ. ದೂರ ನಿಂದರ್ರಿ. ಎಂಜಿನ್ ಹೋದ್ರ ಹೋಗಲಿ."

ಅವಳಿಗೆ ಅಂಜಿಕೆ ಇತ್ತು. ಆದರೆ ಎಂಜಿನ್ ಹೋದ ಮೇಲೆ ಉಳಿಯುವುದು ಏನೆಂಬುದೂ ಅವಳಿಗೆ ಗೊತ್ತಿತ್ತು. ಫೋನನ್ನು ನಜಮುನ್ನೀಸಾಳ ಕೈಗೆ ಕೊಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಗೆಯೊಳಗೆ ನಡೆದಳು. ನಜಮುನ್ನೀಸಾ ಹಿಂದಿನಿಂದ ಅವಳ ಹೆಸರು ಹಿಡಿದು ಎರಡು ಸಲ ಕೂಗಿದಳು.

ಒಳಗೆ ಸ್ಟೀರಿಂಗ್, ಸೀಟು, ಪೆಡಲ್ ಎಲ್ಲ ನಡುಗುತ್ತಿದ್ದವು. ಕ್ಲಚ್ ಒತ್ತಿ ಗೇರಿನ ಹಿಡಿಯನ್ನು ಐದನೆಯದಕ್ಕೆ ತಳ್ಳಲು ಮೊದಲ ಸಲ ಆಗಲಿಲ್ಲ. ಎರಡನೇ ಸಲ ಕೂತಿತು. ಬಲಗಾಲಿನ ಮೇಲೆ ಇಡೀ ಮೈಯ ಭಾರ ಹಾಕಿ ಬ್ರೇಕ್ ಒತ್ತಿದಳು, ಹ್ಯಾಂಡ್‌ಬ್ರೇಕ್ ಜಗ್ಗಿದಳು, ಎಡಗಾಲನ್ನು ಕೆಂಡದ ಮೇಲಿಂದ ತೆಗೆದಂತೆ ತೆಗೆದಳು. ಗಾಡಿ ಮುಂದಕ್ಕೆ ಮುಗ್ಗರಿಸಿತು. ಎದೆ ಸ್ಟೀರಿಂಗಿಗೆ ಬಡಿಯಿತು. ಕರಿ ಮಣ್ಣಿನಲ್ಲಿ ಗಾಲಿ ಗೀರಿದವು. ಆಮೇಲೆ ಸದ್ದೇ ಇಲ್ಲ.

ಅವಳ ಕಾಲು ಬ್ರೇಕಿನ ಮೇಲೆಯೇ ಇತ್ತು. ಟ್ರ್ಯಾಕ್ಟರಿನವನು ಬಂದು ಬಾಗಿಲು ತೆರೆದು "ನಿಂತದ ಯಕ್ಕಾ, ಬಾ" ಎನ್ನುವತನಕ ಅದನ್ನು ಎತ್ತುವುದು ನೆನಪಾಗಲಿಲ್ಲ.

ಅಳಲು, ಕೂರಲು ಹೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇವರ ಸರದಿ ದಾಟಿದರೆ ಯಂತ್ರಕ್ಕೆ ಬೇರೆಯವರನ್ನು ಹಚ್ಚುತ್ತಾರೆ. ಲಾಲಮ್ಮ ಹೊಲದ ಬದುವಿನ ಮೇಲೆ ಕುಳಿತು ಬಾಯಿಂದ ಉಸಿರಾಡುತ್ತಿದ್ದಳು. ಬಂದ ಮೊದಲ ಟಂಟಂ ಆಟೋ ಆಗಲೇ ಮಂದಿಯಿಂದ ತುಂಬಿತ್ತು. ಸುಮಂಗಲಾ ರಸ್ತೆಯ ನಡುವೆ ನಿಂತು ಅದನ್ನು ತಡೆದಳು, ಒಳಗಿದ್ದವರಿಗೆ ಲಾಲಮ್ಮನ ಕಾಲು ತೋರಿಸಿದಳು. ನಾಲ್ಕು ಜನ ತಾವಾಗಿಯೇ ಇಳಿದು ಜಾಗ ಬಿಟ್ಟರು. ಗಾಡಿಯನ್ನು ಅಲ್ಲೇ ಬಿಟ್ಟು, ಟಂಟಂನ ಹಿಂಬದಿಗೆ ಜೋತುಬಿದ್ದು ಅವಳೂ ಸೇಡಂಗೆ ಬಂದಳು. ನರ್ಸು ಗಡಿಯಾರ ನೋಡಿದಳು, ಲಾಲಮ್ಮನನ್ನು ನೋಡಿದಳು, ಒಳಗೆ ಕರೆದುಕೊಂಡಳು.

ಸಂಜೆಗೆ ಖಂಡೆಪ್ಪ ಗಾಡಿಯನ್ನು ಎಳೆಸಿಕೊಂಡು ಬಂದ. ಟರ್ಬೊ ಬಿಚ್ಚಿ ಬೆಂಚಿನ ಮೇಲಿಟ್ಟು ಅವಳಿಗೆ ತೋರಿಸಿದ. ಬಸವನಹುಳದ ಚಿಪ್ಪಿನಂತೆ ಸುತ್ತಿದ ಲೋಹದ ಗೂಡು, ಒಳಗೆ ಸಣ್ಣ ಫ್ಯಾನು. ಎಂಜಿನ್ನಿಗೆ ಗಾಳಿ ಊದುವುದು ಅದರ ಕೆಲಸ. ನಡುವಿನ ಕಡ್ಡಿ ಆಯಿಲಿನಲ್ಲಿ ತೇಲುತ್ತಾ ತಿರುಗಬೇಕು. ಅದು ಸವೆದು, ಸೀಲು ಹರಿದು, ಆಯಿಲ್ ಗಾಳಿಯ ಜೊತೆ ಎಂಜಿನ್ನಿನೊಳಗೆ ಸುರಿದಿತ್ತು. ಖಂಡೆಪ್ಪ ಬೆರಳಿನಿಂದ ಕಡ್ಡಿಯನ್ನು ಅಲುಗಿಸಿದ. ಸಡಿಲ ಹಲ್ಲಿನಂತೆ ಅಲುಗಿತು.

"ಎಂಜಿನ್ ಉಳದದೇನು?"

"ಈಗ ಹೇಳಲಿಕ್ಕ ಆಗಲ್ರಿ. ಒತ್ತಡ ನೋಡಿ ಹೇಳ್ತೀನಿ."

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಖಂಡೆಪ್ಪ ಎಂಜಿನ್ ಉಳಿದಿದೆ ಎಂದ. ಟರ್ಬೊ ಮಾತ್ರ ಬೇರೆ ಬೇಕು. ಹೊಸದರ ಬೆಲೆ ಕೇಳಿ ದೇವಾನಂದ ಶೆಡ್ಡಿನಿಂದ ಹೊರಗೆ ಹೋಗಿ ನಿಂತ.

"ಹೋದ ವರ್ಷ ಇಂಜೆಕ್ಟರ್, ಈ ವರ್ಷ ಟರ್ಬೊ. ಬರೂ ವರ್ಷ ಏನು?" ಮನೆಗೆ ನಡೆಯುವಾಗ ಅವನು ಹೇಳಿದ. "ಇದ್ದಾಂಗ ಗುಜರಿಗಿ ಕೊಟ್ಟುಬಿಡಮು ಸುಮಾ. ಇದು ನಮ್ಮನ್ನ ತಿಂತದ."

"ಕೊಟ್ಟು ಏನ್ ಮಾಡಲಿ? ಮತ್ತ ಅಡಿಗಿ ಒಲಿ ಮುಂದ ಕುಂದ್ರಲೇನು?"

"ನೀ ಆ ಗಾಡ್ಯಾಗ ಸಾಯೋದು ಬಿಟ್ರ ಏನಾರ ಮಾಡು."

ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇರೆ ಏನೋ ಇತ್ತು. ಕೊನೆಗೆ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಬಳಸಿದ ಟರ್ಬೊ ಒಂದನ್ನು ತರಿಸುವುದೆಂದಾಯಿತು. ಖಂಡೆಪ್ಪ ಅದನ್ನು ತಿರುಗಿಸಿ ನೋಡಿ, ಗಟ್ಟಿ ಇದೆ ಎಂದು ಹಾಕಿಕೊಟ್ಟ.

ಗಾಡಿ ಚೆನ್ನಾಗಿ ಓಡಿತು. ಆಡಕಿಯ ಮೂವರೂ ಮತ್ತೆ ಹತ್ತಿದರು. ಗುರುಲಿಂಗಯ್ಯನವರ ಬದಿಯ ಬಾಗಿಲನ್ನು ಅವಳು ಮೊದಲೇ ರಿಪೇರಿ ಮಾಡಿಸಿದ್ದಳು. ಅವರು ಕೂತ ಕೂಡಲೇ ಒಳಗಿನಿಂದ ಒಮ್ಮೆ ತೆರೆದು ನೋಡಿ, ಮುಚ್ಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

ಎರಡನೇ ವಾರದಲ್ಲಿ ಅವಳಿಗೆ ಸೀಟಿಯಂಥ ಸದ್ದು ಕೇಳತೊಡಗಿತು. ತೆಳ್ಳಗೆ, ಬಹಳ ದೂರದಲ್ಲಿ ಯಾರೋ ಊದಿದಂತೆ. ಖಾಲಿ ಗಾಡಿಯಲ್ಲಿ ಇಲ್ಲ. ಮಂದಿ ಕೂತು, ಏರು ಬಂದಾಗ ಮಾತ್ರ. ಹಿಂದೆ ಟರ್ಬೊ ಒಡೆಯುವ ಮುನ್ನ ಇಂಥದ್ದೇ ಸದ್ದು ಇತ್ತೆ ಎಂದು ನೆನಪು ಮಾಡಿಕೊಂಡಳು. ಇತ್ತು ಅನಿಸಿತು, ಇರಲಿಲ್ಲ ಅನಿಸಿತು. ದೇವಾನಂದನನ್ನು ಪಕ್ಕಕ್ಕೆ ಕೂಡಿಸಿಕೊಂಡು ಚಿತ್ತಾಪುರದ ರಸ್ತೆಯಲ್ಲಿ ಓಡಿಸಿದಳು. ದಿನವಿಡೀ ಪಾಲಿಶ್ ಮಷಿನ್ನಿನ ಗದ್ದಲ ಕೇಳುವ ಅವನ ಕಿವಿಗೆ ಏನೂ ಹತ್ತಲಿಲ್ಲ. ಖಂಡೆಪ್ಪನೂ ಬಾನೆಟ್ಟಿಗೆ ಕಿವಿಗೊಟ್ಟು, "ಬ್ಯಾರೆ ಟರ್ಬೊ ಅಂದ್ರ ಬ್ಯಾರೆ ಸಪ್ಪಳ ಇರ್ತದ್ರಿ. ನಿಮಗ ಆವತ್ತಿನ ಅಂಜಿಕಿ ಹೋಗಿಲ್ಲ" ಎಂದ.

ಇರಬಹುದು ಎಂದುಕೊಂಡಳು. ಅಂಜಿಕೆ ಹೋಗಿರಲಿಲ್ಲ ಎಂಬುದು ನಿಜವೇ. ಮಲಗಿದಾಗಲೂ ಕಿವಿ ಅದನ್ನೇ ಹುಡುಕುತ್ತಿತ್ತು. ಆದರೆ ಆಯಿಲಿನ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿದಾಗ, ತುಂಬಿದ್ದ ಆಯಿಲ್ ಗೆರೆಗಿಂತ ತುಸು ಕೆಳಗಿತ್ತು. ಅಂಜಿಕೆ ಆಯಿಲ್ ಕುಡಿಯುವುದಿಲ್ಲವಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಆಡಕಿಗೆ ಹೋಗುವಾಗಲೇ ಸೀಟಿ ಕೇಳಿತು. ಈ ಸಲ ಏರು ಇಲ್ಲದಿದ್ದರೂ ಕೇಳಿತು. ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಮೂವರೂ ಕಾಯುತ್ತಿದ್ದರು. ಸುಮಂಗಲಾ ಎಂಜಿನ್ ಆರಿಸಿ ಇಳಿದಳು. ಲಾಲಮ್ಮ ಬಾಗಿಲಿಗೆ ಕೈಹಾಕಿದಾಗ ಅವಳ ಕೈ ಹಿಡಿದಳು.

"ಇವತ್ತು ಈ ಗಾಡ್ಯಾಗ ಬ್ಯಾಡ ಲಾಲಮ್ಮಕ್ಕ."

"ಯಾಕ?"

"ಟರ್ಬೊ ಮತ್ತ ಕೆಡಲಿಕತ್ತದ."

ಗುರುಲಿಂಗಯ್ಯ ಗಾಡಿಯನ್ನು ನೋಡಿದರು. ಹೊಗೆ ಇಲ್ಲ, ಸೋರಿಕೆ ಇಲ್ಲ. "ಇಲ್ಲಿತನ ಬಂದದಲ್ಲ?"

"ಬಂದದ್ರಿ ಅಯ್ನೋರೆ."

"ಯಾರ್ ಹೇಳಿದ್ರು ಕೆಡ್ತದಂತ? ಖಂಡೆಪ್ಪ ಹೇಳಿದನೇನು?"

"ಇಲ್ರಿ. ಅವ ಏನೂ ಇಲ್ಲ ಅಂದಾನ. ನನಗ ಸಪ್ಪಳ ಕೇಳಲಿಕತ್ತದ."

ಅವರ ಮುಖ ಕೆಂಪಾಯಿತು. "ಏಳು ಗಂಟೆ ಬಸ್ ಹೋಯ್ತು. ನಿನ್ನ ನಂಬಿ ನಿಂತೀವಿ ಇಲ್ಲಿ. ಮೊದಲೇ ಫೋನ್ ಮಾಡಬಾರದೇನವ್ವ? ಈಕಿ ಉಸಿರು ನೋಡು ಹ್ಯಾಂಗದ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಲಾಲಮ್ಮ ಮರಕ್ಕೆ ಒರಗಿ ನಿಂತಿದ್ದಳು. ಆ ಹೊತ್ತಿನಲ್ಲಿ ಸುಮಂಗಲಾಳಿಗೆ, ಸುಮ್ಮನೆ ಕೂಡಿಸಿಕೊಂಡು ನಿಧಾನವಾಗಿ ಓಡಿಸಿಬಿಟ್ಟರೆ ಹೇಗೆ ಎಂದು ಒಂದು ಸಲ ಅನಿಸಿತು. ಬಹುಶಃ ಮುಟ್ಟಿಯೇಬಿಡುತ್ತದೆ. ಮುಟ್ಟದಿದ್ದರೆ? ಬಾಗಿಲು ತೆರೆಯಲು ಆಗದ ಗುರುಲಿಂಗಯ್ಯನವರ ಕೈ ಕಣ್ಣಮುಂದೆ ಬಂತು.

"ನೀವು ಬೈರಿ," ಎಂದಳು. "ನಾ ಮಾತ್ರ ಕೂಡಿಸ್ಕೊಳ್ಳಲ್ಲ."

ನಜಮುನ್ನೀಸಾ ಅಷ್ಟರಲ್ಲಿ ಫೋನ್ ಹಚ್ಚಿದ್ದಳು. ಅವಳ ಗಿರಾಕಿಯೊಬ್ಬಳ ಗಂಡ ನಾಗೇಂದ್ರಪ್ಪ ಸೇಡಂಗೆ ಹಾಲು ಒಯ್ಯುವ ಗಾಡಿಯವನು. ಇನ್ನೂ ಊರು ಬಿಟ್ಟಿರಲಿಲ್ಲ. ಅವನು ಗಾಡಿ ತಂದು ನಿಲ್ಲಿಸಿದ. ಲಾಲಮ್ಮನನ್ನೂ ನಜಮುನ್ನೀಸಾಳನ್ನೂ ಮುಂದೆ ಕೂಡಿಸಿ, ಗುರುಲಿಂಗಯ್ಯನವರಿಗೆ ಹಿಂದೆ ಹಾಲಿನ ಕ್ಯಾನುಗಳ ನಡುವೆ ಗೋಣಿಚೀಲ ಮಡಚಿ ಹಾಕಿದರು. ಹತ್ತುವ ಮುನ್ನ ಅವರು ತಿರುಗಿ, "ಇನ್ಮ್ಯಾಲ ನಾ ಬಸ್ಸಿಗೇ ಹೋಗ್ತೀನವ್ವ. ನಿನ್ನ ಗಾಡಿ ಬ್ಯಾಡ" ಎಂದರು.

ಸುಮಂಗಲಾ ತಲೆಯಾಡಿಸಿದಳು. ಹಾಲಿನ ಗಾಡಿ ಕಣ್ಣಿಂದ ಮರೆಯಾದ ಮೇಲೆ ಬೇವಿನ ಕಟ್ಟೆಯ ಮೇಲೆ ಕುಳಿತು ಖಂಡೆಪ್ಪನಿಗೆ ಫೋನ್ ಮಾಡಿದಳು. ತಾನು ಗಾಡಿ ಓಡಿಸಿಕೊಂಡು ಬರುವುದಿಲ್ಲ ಎಂದಳು, ಅವನೇ ಬರಬೇಕೆಂದಳು. ಹೀಗೆ ಅವಳು ಎಂದೂ ಮಾತಾಡಿರಲಿಲ್ಲ.

ಖಂಡೆಪ್ಪ ಮೋಟರ್‌ಸೈಕಲ್ ಮೇಲೆ ಬಂದ. ಮುಖ ಗಂಟಿಕ್ಕಿತ್ತು. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪನ್ನು ಟರ್ಬೊ ಬದಿಯಲ್ಲಿ ಬಿಚ್ಚಿ, ಅದರ ಬಾಯಿಗೆ ಒಂದು ಖಾಲಿ ಬಾಟಲಿ ಹಿಡಿದ. "ಡೀಸೆಲ್ ಬರೂದು ಕಟ್ ಮಾಡೀನಿ, ಎಂಜಿನ್ ಹತ್ತಲ್ಲ. ಬರೇ ಸೆಲ್ಫ್ ಹೊಡೀರಿ," ಎಂದ. ಅವಳು ಚಾವಿ ತಿರುಗಿಸಿ ಹಿಡಿದಳು. ಆಯಿಲ್ ಚಿಮ್ಮಿ ಬಾಟಲಿ ತುಂಬಬೇಕಿತ್ತು. ಒಂದು ಹನಿ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.

ಖಂಡೆಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತ. ಆಮೇಲೆ ಕಟ್ಟೆಯ ಮೇಲೆ ಅವಳಿಂದ ದೂರ ಕುಳಿತ.

"ಟರ್ಬೊಗೆ ಆಯಿಲೇ ಮುಟ್ಟವಲ್ದು," ಎಂದ. "ಮೊದಲಿಂದೂ ಹಿಂಗೇ ಸತ್ತದ. ತೆಳಗಿನ ಆಯಿಲ್ ಡಬ್ಬಿ ಬಿಚ್ಚಿ ಜಾಳಿಗಿ ನೋಡಬೇಕಿತ್ತು ನಾ. ನೋಡಲಿಲ್ಲ. ಇದು ನನ್ನ ತಪ್ಪು ಅಕ್ಕೋರೆ."

ಅವಳು ಬೈಯಬಹುದಿತ್ತು. ನಿಮಗೆ ಅಂಜಿಕೆ ಹೋಗಿಲ್ಲ ಎಂದಿದ್ದ ಅವನ ಮಾತು ಮರೆತಿರಲಿಲ್ಲ. "ನಡೀರಿ, ಎಳಸ್ಕೊಂಡು ಹೋಗಮು" ಎಂದಷ್ಟೇ ಹೇಳಿದಳು.

ಶೆಡ್ಡಿನಲ್ಲಿ ಡಬ್ಬಿ ಬಿಚ್ಚಿದಾಗ ದೇವಾನಂದನೂ ಇದ್ದ. ಆಯಿಲ್ ಎಳೆದುಕೊಳ್ಳುವ ಪೈಪಿನ ಬಾಯಿಯ ಜಾಳಿಗೆ ಡಾಂಬರಿನಂಥ ಕಪ್ಪು ಮಡ್ಡಿಯಿಂದ ಮುಚ್ಚಿಹೋಗಿತ್ತು. ಖಂಡೆಪ್ಪ ಅಲ್ಲಿಗೇ ಬಿಡದೆ ಇಂಜೆಕ್ಟರುಗಳನ್ನೂ ತೆಗೆದ. ಹಿಂದಿನ ವರ್ಷ ಅವನ್ನು ಬದಲಿಸಿದವನು ಕೆಳಗಿನ ತಾಮ್ರದ ವಾಷರುಗಳನ್ನು ಹೊಸದು ಹಾಕಿರಲಿಲ್ಲ, ಹಳೆಯವನ್ನೇ ಕೂರಿಸಿದ್ದ. ಆ ಸಂದಿಯಿಂದ ಉರಿದ ಹೊಗೆ ವರ್ಷವಿಡೀ ನುಸುಳಿ ಆಯಿಲಿಗೆ ಸೇರಿ ಮಡ್ಡಿಯಾಗಿತ್ತು. ಒಂದು ಸಣ್ಣ ತಾಮ್ರದ ಬಿಲ್ಲೆ ಎರಡು ಟರ್ಬೊ ತಿಂದಿತ್ತು.

ದೇವಾನಂದ ಮಡ್ಡಿಯನ್ನು ಬೆರಳಿನಿಂದ ಮುಟ್ಟಿ, ಉಜ್ಜಿ, ಮೂಸಿದ. "ನಮ್ಮ ಮಷಿನ್ನಿಗೂ ನೀರಿನ ಪೈಪ್ ಕಟ್ಟಿದ್ರ ಹಿಂಗೇ," ಎಂದ. "ಕಲ್ಲು ಸುಡ್ತದ, ಬ್ಲೇಡ್ ಹೋಗ್ತದ. ಮಾಲಕ ಬ್ಲೇಡ್ ಬೈತಾನ." ಆಮೇಲೆ ಖಂಡೆಪ್ಪನ ಕಡೆ ನೋಡದೆ ಕೇಳಿದ: "ಹೊಸಾ ಟರ್ಬೊ ಹಾಕಿದ್ರ ಈ ಸಲ ಕೆಡದೆ ನಿಲ್ತದೇನು?"

"ಪೈಪ್ ಎಲ್ಲಾ ಹೊಸಾವ್ ಹಾಕ್ತೀನಿ. ವಾಷರ್ ಹೊಸಾವ್. ನಿಲ್ಲಬೇಕು."

"ನಿಲ್ಲಬೇಕು ಅಂದ್ರ?"

"ನಿಲ್ತದ್ರಿ."

ಮನೆಯ ಮೇಲಿನ ತಗಡು ತೆಗೆದು ಸ್ಲ್ಯಾಬ್ ಹಾಕಿಸಲೆಂದು ಕೂಡಿಟ್ಟದ್ದನ್ನು ದೇವಾನಂದ ತೆಗೆದುಕೊಟ್ಟ. ಖಂಡೆಪ್ಪ ತನ್ನ ಕೂಲಿ ಬೇಡವೆಂದ. ಗುಜರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಖಂಡೆಪ್ಪನ ಆ ಒಂದು ಮಾತಿನ ಹೊರತು ಬೇರೆ ಖಾತ್ರಿ ಯಾರ ಬಳಿಯೂ ಇರಲಿಲ್ಲ.

ಹೊಸ ಟರ್ಬೊ ಬಂದು, ಎಲ್ಲ ಕೂತು, ಎಂಜಿನ್ ಹತ್ತಿಸುವ ದಿನ ಖಂಡೆಪ್ಪ ಸುಮಂಗಲಾಳನ್ನು ಶೆಡ್ಡಿಗೆ ಕರೆಸಿದ. ದೇವಾನಂದನೂ ಜೊತೆಗೆ ಬಂದ. ಗಾಳಿ ಒಳಹೋಗುವ ದಪ್ಪ ಪೈಪಿನ ಬಾಯಿ ಬಿಚ್ಚಿಟ್ಟಿದ್ದ. ಅವಳ ಕೈಗೆ ಒಂದು ದಪ್ಪ ಪ್ಲೈವುಡ್ ಹಲಗೆ ಕೊಟ್ಟ.

"ಒಳಗಿನ ಪೈಪಿನ್ಯಾಗ ಹಳೆ ಆಯಿಲ್ ಉಳದಿದ್ರ ಮತ್ತ ತಾನಾಗೇ ಓಡಬಹುದು. ನಾ ಸೆಲ್ಫ್ ಹೊಡೀತೀನಿ. ದನಿ ಏರಿತಂದ್ರ ಈ ಬಾಯಿ ಮುಚ್ರಿ. ಗಾಳಿ ಇಲ್ಲಂದ್ರ ಸಾಯ್ತದ ಅದು. ಕೈ ಮಾತ್ರ ಬಾಯಿಗಿ ಕೊಡಬ್ಯಾಡ್ರಿ, ಜಗ್ಗಿಬಿಡ್ತದ."

"ಇವ್ರು ಹಿಡೀಲಿ," ಎಂದಳು ಮೊದಲು. ಆಮೇಲೆ ತಾನೇ, "ಬ್ಯಾಡ. ಅವ್ರಿಗಿ ದನಿ ಏರಿದ್ದು ತಿಳಿಯಲ್ಲ" ಎಂದು ಹಲಗೆ ಹಿಡಿದು ನಿಂತಳು.

ಖಂಡೆಪ್ಪ ಚಾವಿ ತಿರುಗಿಸಿದ. ಎಂಜಿನ್ ಹತ್ತಿತು. ಒಂದು ಕ್ಷಣ ಸಮವಾಗಿ ಓಡಿತು. ಹಿಂದಿನಿಂದ ತುಸು ಹೊಗೆ. ದೇವಾನಂದ ನಿಟ್ಟುಸಿರು ಬಿಟ್ಟ. ಅವಳಿಗೆ ಮಾತ್ರ ದನಿಯ ಅಡಿಯಲ್ಲಿ ಏನೋ ತುಸುವೇ ಮೇಲೇಳುವುದು ಕೇಳಿಸಿತು. ಖಂಡೆಪ್ಪ ಚಾವಿ ಹಿಂದಕ್ಕೆ ತಿರುಗಿಸಿದ. ಎಂಜಿನ್ ಆರಲಿಲ್ಲ, ಏರಿತು. ಮತ್ತೆ ಅದೇ ಕಿರುಚಾಟ, ತಗಡಿನ ಶೆಡ್ಡೆಲ್ಲ ನಡುಗಿತು. ಅವನು ಏನೋ ಕೂಗಿದ. ಅವಳು ಅಷ್ಟರಲ್ಲಿ ಹಲಗೆ ಒತ್ತಿದ್ದಳು. ಪೈಪು ಹಲಗೆಯನ್ನು ಒಳಕ್ಕೆ ಸೆಳೆದುಕೊಂಡ ಜೋರಿಗೆ ಮೊಣಕೈ ಜಗ್ಗಿದಂತಾಯಿತು. ಅಂಚಿನ ಸಂದಿಯಿಂದ ಗಾಳಿ ಸಿಳ್ಳೆ ಹಾಕಿತು. ಅವಳು ಎದೆಯಿಂದ ಒತ್ತಿ ಆ ಸಂದಿ ಮುಚ್ಚಿದಳು. ಎಂಜಿನ್ ಎರಡು ಸಲ ಕೊಸರಿ ನಿಂತಿತು.

ದೇವಾನಂದ ಗೋಡೆಗೆ ಒರಗಿದ್ದ.

ಖಂಡೆಪ್ಪ ಗಾಳಿ ತಣಿಸುವ ಜಾಳಿಯನ್ನು ಮುಂದಿನಿಂದ ಇಳಿಸಿ ತಲೆಕೆಳಗು ಮಾಡಿದ. ಲೋಟದಷ್ಟು ಹಳೆ ಆಯಿಲ್ ಸುರಿಯಿತು. ಸೀಮೆಎಣ್ಣೆ ಹಾಕಿ ಮತ್ತೆ ಮತ್ತೆ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಮಧ್ಯಾಹ್ನ ಮತ್ತೆ ಕೂರಿಸಿದ. "ಇನ್ನೊಮ್ಮೆ ಹಿಡೀತೀರೇನು?" ಎಂದು ಕೇಳುವಾಗ ಅವನ ದನಿ ಸಣ್ಣದಾಗಿತ್ತು. ಅವಳ ತೋಳು ಇನ್ನೂ ನೋಯುತ್ತಿತ್ತು. ಹಲಗೆ ತೆಗೆದುಕೊಂಡು ಪೈಪಿನ ಬಾಯಿಯ ಹತ್ತಿರ ನಿಂತಳು.

ಈ ಸಲ ಎಂಜಿನ್ ಹತ್ತಿ, ಸಮವಾಗಿ ನಿಂತಿತು. ಅವಳು ಕಣ್ಣು ಮುಚ್ಚಿ ಕೇಳಿದಳು. ಖಂಡೆಪ್ಪ ಎಕ್ಸಿಲರೇಟರ್ ಒತ್ತಿದ, ಬಿಟ್ಟ. ದನಿ ಏರಿತು, ಇಳಿಯಿತು. ಮತ್ತೆ ಒತ್ತಿದ, ಬಿಟ್ಟ. ಇಳಿಯಿತು. ಚಾವಿ ಹಿಂದಕ್ಕೆ ತಿರುಗಿಸಿದ. ನಿಂತಿತು. ಹಲಗೆಯನ್ನು ನೆಲಕ್ಕೆ ಇಡಬಹುದು ಎಂದು ಅವಳಿಗೆ ದೇವಾನಂದನೇ ಹೇಳಬೇಕಾಯಿತು.

ಮರುದಿನದಿಂದ ಖಾಲಿ ಗಾಡಿಯನ್ನು ವಾಡಿಗೆ, ಶಹಾಬಾದಿಗೆ, ಮತ್ತೆ ಚಿಂಚೋಳಿಯ ಏರುಗಳಿಗೆ ಓಡಿಸಿ ನೋಡಿದಳು. ಸೀಟಿ ಇರಲಿಲ್ಲ. ಆಯಿಲ್ ಗೆರೆಯಿಂದ ಕೆಳಗಿಳಿಯಲಿಲ್ಲ. ಆಮೇಲೆಯೇ ನಜಮುನ್ನೀಸಾಳಿಗೆ ಫೋನ್ ಮಾಡಿದಳು. ಗಾಡಿ ಶೆಡ್ಡಿನಲ್ಲಿದ್ದಷ್ಟು ದಿನ ಮೂವರೂ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗಿಬಂದಿದ್ದರು.

ಆ ಶುಕ್ರವಾರ ಬೇವಿನ ಮರದ ಕೆಳಗೆ ಇಬ್ಬರೇ ನಿಂತಿದ್ದರು. ನಜಮುನ್ನೀಸಾ ಕೇಳದೆಯೇ ಮುಂದೆ ಹತ್ತಿ ಕುಳಿತಳು. ಲಾಲಮ್ಮ ಕಿಟಕಿಯ ಹತ್ತಿರ ಬಂದು, "ಚಾವಿ ತಗದ್ರ ನಿಲ್ತದೇನವ್ವ?" ಎಂದಳು. ಸುಮಂಗಲಾ ಚಾವಿ ತೆಗೆದು ಅವಳ ಅಂಗೈಯಲ್ಲಿಟ್ಟಳು. ಗಾಡಿ ಸುಮ್ಮನಿತ್ತು. ಲಾಲಮ್ಮ ಚಾವಿ ವಾಪಸ್ ಕೊಟ್ಟು ಹತ್ತಿದಳು. ಗುರುಲಿಂಗಯ್ಯ ಏಳು ಗಂಟೆಯ ಬಸ್ಸಿಗೆ ಹೋಗಿಯಾಗಿತ್ತು.

ಆಸ್ಪತ್ರೆಯಲ್ಲಿ ಮೂವರೂ ಎಂದಿನಂತೆ ಅಕ್ಕಪಕ್ಕದ ಹಾಸಿಗೆಗಳಲ್ಲಿ ಮಲಗಿದರು. ಸುಮಂಗಲಾ ಹೊರಗಿನ ಬೆಂಚಿನ ಮೇಲಿದ್ದಳು. ಡಯಾಲಿಸಿಸ್ ಮುಗಿದು, ಕೈಗೆ ಹತ್ತಿ ಒತ್ತಿಕೊಂಡು ಗುರುಲಿಂಗಯ್ಯ ನಿಧಾನವಾಗಿ ಹೊರಗೆ ಬಂದರು. ಬಿಸಿಲು ಏರಿತ್ತು, ಆಡಕಿಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅವರು ಬೆಂಚಿನ ಇನ್ನೊಂದು ತುದಿಗೆ ಕುಳಿತರು.

"ರಿಪೇರಿ ಬರೋಬರ್ ಆಗ್ಯಾದೇನು?"

"ಆಗ್ಯಾದ್ರಿ ಅಯ್ನೋರೆ."

"ಊರಿಗಿ ಹೋಗೂಮುಂದ ನಿನ್ನ ಗಾಡ್ಯಾಗ ಬರ್ತೀನಿ. ದವಾಖಾನಿಗಿ ಬರೂಮುಂದ ಮಾತ್ರ ಬಸ್ಸೇ."

"ಯಾಕ್ರಿ ಹಂಗ?"

"ಹೋಗೂಮುಂದ ಕೆಟ್ಟು ನಿಂತ್ರೂ ನಡೀತದ. ರಕ್ತ ತೊಳದಿರ್ತದ, ನಾಲ್ಕು ದಿನ ಚಿಂತಿಲ್ಲ. ಬರೂಮುಂದ ನಿಲ್ಲಬಾರದು."

ಸುಮಂಗಲಾಳಿಗೆ ಇದರಲ್ಲಿ ಬೇಸರವಾಗುವಂಥದ್ದು ಏನೂ ಕಾಣಲಿಲ್ಲ. ಅವರ ಜಾಗದಲ್ಲಿದ್ದರೆ ತಾನೂ ಹಾಗೆಯೇ ಮಾಡುತ್ತಿದ್ದೆ ಅನಿಸಿತು. ಅವರ ಚೀಲ ತೆಗೆದುಕೊಂಡು, "ಕುಂದ್ರಿ, ಅವ್ರಿಬ್ಬರೂ ಬರಲಿ" ಎಂದು ಗಾಡಿಯನ್ನು ನೆರಳಿನಿಂದ ಬಾಗಿಲಿನ ಹತ್ತಿರಕ್ಕೆ ತರಲು ಎದ್ದುಹೋದಳು.